ಕೆನ್ನೆಯ ಕಲೆ ಅಳಿಸಿದ ಕೈ

ಫೋಟೋ ತೆಗೆಯುವ ಕೆಲಸಕ್ಕೆ ಹೊಸದಾಗಿ ಬರುವವರು ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿರುವ ನಮ್ಮ ಮನೆಯನ್ನು ಹುಡುಕಿಕೊಂಡು ಬರುವುದುಂಟು. ಬೆಳಕು ಯಾವ ಕಡೆಯಿಂದ ಬೀಳಬೇಕು, ಮೂಗು ದಪ್ಪಗಿದ್ದವರನ್ನು ಹೇಗೆ ಕೂರಿಸಬೇಕು, ಎಲ್ಲರ ಕೈಯಲ್ಲೂ ಫೋನಿರುವಾಗ ಸ್ಟುಡಿಯೋ ಉಳಿಯುತ್ತದೆಯೇ ಎಂದೆಲ್ಲ ಕೇಳುತ್ತಾರೆ. ಗೊತ್ತಿದ್ದಷ್ಟು ಹೇಳುತ್ತೇನೆ. ಆದರೆ ಮೂವತ್ತೇಳು ವರ್ಷ ಡೆಂಕಣಿಕೋಟೆಯ ಒಂದು ಸ್ಟುಡಿಯೋದಲ್ಲಿ ಕೂತು ಜನರ ಮುಖಗಳನ್ನು ತಿದ್ದಿದ ನಾನು, ಈ ಕೆಲಸದ ಬಗ್ಗೆ ನಿಜವಾಗಿ ಹೇಳಬೇಕಾದದ್ದು ಭಯದ ವಿಷಯ. ಅದನ್ನು ಇದುವರೆಗೆ ಯಾರೂ ಕೇಳಿಲ್ಲ. ಕೇಳದಿದ್ದರೂ ಬರೆದಿಡುತ್ತಿದ್ದೇನೆ.

ನನ್ನ ಹೆಸರು ವಿಶಾಲಾಕ್ಷಿ. ಅಪ್ಪ ಹೊಸೂರಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ಅವರು ತೀರಿಕೊಂಡ ವರ್ಷ ಅವರ ಗೆಳೆಯ ಚೌಡಪ್ಪನವರು ಮನೆಗೆ ಬಂದು, ಹುಡುಗಿಗೆ ಗೆರೆ ಎಳೆಯುವುದು ಬರುತ್ತದೆ, ನಮ್ಮ ಸ್ಟುಡಿಯೋಗೆ ಟಚಿಂಗ್ ಕೆಲಸಕ್ಕೆ ಕಳಿಸಿಕೊಡಿ ಎಂದು ಅಮ್ಮನನ್ನು ಕೇಳಿದರು. ಟಚಿಂಗ್ ಎಂದರೆ ತೆಗೆದ ಫೋಟೋದ ನೆಗೆಟಿವ್ ಮೇಲೆ ಪೆನ್ಸಿಲ್ಲಿನಲ್ಲೂ ಬ್ಲೇಡಿನಲ್ಲೂ ಕೆಲಸ ಮಾಡಿ ಮುಖವನ್ನು ಚೆನ್ನಾಗಿ ಕಾಣಿಸುವುದು. ನನಗಾಗ ಇಪ್ಪತ್ತು ವರ್ಷ. ಬೆಳಗಿನ ಬಸ್ಸಿಗೆ ಡೆಂಕಣಿಕೋಟೆಗೆ ಹೋಗಿ, ಕಿಟಕಿಯ ಪಕ್ಕದ ಇಳಿಜಾರು ಮೇಜಿನ ಮುಂದೆ ಕೂತರೆ ಸಂಜೆಯ ಬಸ್ಸಿಗೆ ಏಳುತ್ತಿದ್ದೆ.

ಯಜಮಾನರಾದ ಚೌಡಪ್ಪನವರಿಗೆ ಮುಖಗಳ ಬಗ್ಗೆ ಮಾತಾಡುವುದೆಂದರೆ ಇಷ್ಟ. ಒಮ್ಮೆ ಗುಮ್ಮಳಾಪುರದ ಕಡೆ ಮದುವೆಯ ಕೆಲಸಕ್ಕೆ ಹೋದಾಗ ಹೊಲದ ಬದುವಿನಲ್ಲಿದ್ದ ಒಂದು ವೀರಗಲ್ಲನ್ನು ತೋರಿಸಿದರು. ಇಂಥವು ಈ ಸೀಮೆಯಲ್ಲೆಲ್ಲ ಇವೆ, ಎಲ್ಲ ವೀರರಿಗೂ ಒಂದೇ ಮುಖ, ಒಂದೇ ಮೀಸೆ, ಆಗ ಸತ್ತವನು ಹೇಗಿದ್ದ ಎನ್ನುವುದು ಯಾರಿಗೂ ಬೇಕಿರಲಿಲ್ಲ, ಏನು ಮಾಡಿದ ಎನ್ನುವುದಿದ್ದರೆ ಸಾಕಿತ್ತು ಎಂದರು. ಆಮೇಲೆ ಪಾಳೆಯಗಾರರು, ಜಮೀನ್ದಾರರು ತಮ್ಮ ತಮ್ಮ ಮುಖವನ್ನು ಬರೆಸಿಕೊಂಡರು. ಅದು ತಮ್ಮ ಅಧಿಕಾರ ತೋರಿಸುವುದಕ್ಕೆ. ಫೋಟೋ ಬಂದ ಮೇಲೆ ರಾಗಿ ಬೆಳೆಯುವವನಿಗೂ ಸ್ವಂತ ಮುಖದ್ದೊಂದು ಪಟ ಸಿಕ್ಕಿತು. ಆದರೆ ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಹಳ್ಳಿಯ ಎಷ್ಟೋ ಮನೆಗಳಿಗೆ ಆ ಪಟ ಬರುತ್ತಿದ್ದದ್ದು ಮನುಷ್ಯ ಸತ್ತ ಮೇಲೆ. ಗೋಡೆಯ ಮೇಲೆ ಫೋಟೋ ಇದೆ ಎಂದರೆ ಅವರು ಹೋಗಿದ್ದಾರೆ ಎಂದೇ ಅರ್ಥ. ಹೀಗಾಗಿ ಬದುಕಿದ್ದವರು ಕ್ಯಾಮೆರಾ ಕಂಡರೆ ಹೆದರುತ್ತಿದ್ದರು. ಕರಿ ಬಟ್ಟೆಯೊಳಕ್ಕೆ ಯಜಮಾನರು ತಲೆ ತೂರಿಸಿದ ಕೂಡಲೇ ಕೆಲವು ಅಜ್ಜಿಯರು ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದರು.

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಆ ಹೆದರಿಕೆ ನನ್ನ ಮೇಜಿಗೆ ಬಂತು. ಕೆಳಮಂಗಲದ ದಾರಿಯ ಒಂದು ಹಳ್ಳಿಯಲ್ಲಿ ಸತ್ತವನನ್ನು ಗೋಡೆಗೆ ಒರಗಿಸಿ ಕೂರಿಸಿ, ಹಾರ ಹಾಕಿ ಯಜಮಾನರು ಫೋಟೋ ತೆಗೆದು ತಂದಿದ್ದರು. ಅವನ ಬೇರೆ ಪಟ ಮನೆಯಲ್ಲಿರಲಿಲ್ಲ. ಮುಚ್ಚಿದ ಕಣ್ಣು ಗೋಡೆಯ ಮೇಲೆ ಇರಬಾರದು, ಕಣ್ಣು ತೆರೆಸಿಕೊಡಿ ಎಂದು ಮನೆಯವರ ಕೋರಿಕೆ. ಯಜಮಾನರು ಪ್ರಿಂಟನ್ನು ನನ್ನ ಮುಂದಿಟ್ಟು, ಸಣ್ಣ ಕುಂಚ ಕೊಟ್ಟು, ಕಣ್ಣು ಬರೆ ಎಂದರು. ಆ ರೆಪ್ಪೆಗಳ ಮೇಲೆ ಕಪ್ಪು ಬಣ್ಣ ಇಡುವಾಗ ನನ್ನ ಕೈ ಅವನ ಮುಖಕ್ಕೆ ತಗುಲದ ಹಾಗೆ ನಡುವೆ ಒಂದು ಕಾಗದ ಇಟ್ಟುಕೊಂಡೆ. ಎರಡು ದಿನ ಬರೆದೆ. ಮುಗಿದಾಗ ಅವನು ನನ್ನನ್ನೇ ನೋಡುತ್ತಿದ್ದ. ಚೆನ್ನಾಗಿದೆ ಎಂದರು ಯಜಮಾನರು.

ಹದಿನೈದು ದಿನಕ್ಕೆ ಅವನ ಹೆಂಡತಿ ಚಿಕ್ಕಮುನಿಯಮ್ಮ ಆ ಪಟವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ವಾಪಸ್ ತಂದಳು. ಮನೆಯಲ್ಲಿ ಅದನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಿದ್ದಳಂತೆ. ಅವಳು ಬೈಯಲಿಲ್ಲ, ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಚೆನ್ನಾಗೇ ಬರ್ದಿದ್ದೀಯ ಕಣವ್ವ. ಆದ್ರೆ ಈ ಕಣ್ಣು ಯಾರ್ದು? ನನ್ ಗಂಡ ಹಿಂಗೆ ನೋಡ್ದೋನಲ್ಲ. ಮನೇಲಿ ಯಾರೋ ಬಂದು ಕುಂತವ್ರೆ ಅನ್ಸುತ್ತೆ."

ಪಟವನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ನನಗೆ ಗೊತ್ತಾಯಿತು. ಅವು ನನ್ನ ಅಪ್ಪನ ಕಣ್ಣುಗಳು. ಬೇಕೆಂದು ಬರೆದದ್ದಲ್ಲ, ಕೈ ತಾನಾಗಿ ಬರೆದಿತ್ತು. ಯಾರದೋ ಮನೆಯ ಗೋಡೆಯಿಂದ ನನ್ನ ಅಪ್ಪ ಹದಿನೈದು ದಿನ ಒಬ್ಬ ವಿಧವೆಯನ್ನು ದಿಟ್ಟಿಸಿದ್ದರು. ಮರುದಿನ ಯಜಮಾನರು ನನ್ನನ್ನು ಅವಳ ಹಳ್ಳಿಗೆ ಕರೆದುಕೊಂಡು ಹೋದರು. ಸತ್ತವನ ತಂಗಿಯನ್ನೂ ಹಿರಿ ಮಗನನ್ನೂ ಎದುರಿಗೆ ಕೂರಿಸಿ, ಅವರ ಕಣ್ಣು ನೋಡಿಕೊಂಡು, ಚಿಕ್ಕಮುನಿಯಮ್ಮ ಹೇಳಿದ ಹಾಗೆ ಮತ್ತೆ ಬರೆದೆ. ಆ ಪಟ ಗೋಡೆ ಹತ್ತಿತು. ಗೊತ್ತಿಲ್ಲದ ಮುಖಕ್ಕೆ ಕೈ ಹಚ್ಚುವ ಮುಂಚೆ ಗೊತ್ತಿದ್ದವರನ್ನು ಕೇಳಬೇಕು ಎಂದು ಅವತ್ತು ಕಲಿತೆ ಎಂದುಕೊಂಡಿದ್ದೆ. ಪೂರ್ತಿ ಕಲಿತಿರಲಿಲ್ಲ.

ಮಲ್ಲಪ್ಪ ಎಂಬ ರೈತ ಪ್ರತಿ ವರ್ಷ ರಾಗಿ ತೆನೆ ಕಟ್ಟುವ ಹೊತ್ತಿಗೆ ನಮ್ಮಲ್ಲಿಗೆ ಬರುತ್ತಿದ್ದ. ಅವನ ಹೊಲ ಕಾಡಿನ ಅಂಚಿನಲ್ಲಿತ್ತು. ತೆನೆ ಬಂದ ಮೇಲೆ ಆನೆ ಕಾಯುವುದಕ್ಕೆ ಅಟ್ಟಣೆ ಹತ್ತಬೇಕು, ಅದಕ್ಕೆ ಮುಂಚೆ ಒಂದು ಫೋಟೋ ತೆಗೆಸಿಕೊಳ್ಳುತ್ತಿದ್ದ. ಏನಾದ್ರೂ ಆದ್ರೆ ಮನೇಲಿ ಒಂದು ಇರ್ಲಿ, ಸತ್ ಮೇಲೆ ನೀವು ಬಂದು ಕಣ್ಣು ಬರ್ಯೋದು ಬ್ಯಾಡ ಎಂದು ನನ್ನ ಮುಖ ನೋಡಿ ನಗುತ್ತಿದ್ದ. ಪ್ರಿಂಟನ್ನು ಕೂಡಲೇ ಒಯ್ಯುತ್ತಿರಲಿಲ್ಲ. ಕೊಯ್ಲು ಮುಗಿಸಿ ಬಂದು ತಗೋತೀನಿ ಎನ್ನುತ್ತಿದ್ದ. ಆ ಎರಡು ತಿಂಗಳು ಅವನ ಲಕೋಟೆ ನನ್ನ ಡ್ರಾಯರಿನಲ್ಲಿರುತ್ತಿತ್ತು. ಆನೆ ತುಳಿತದ ಸುದ್ದಿ ಬಂದಾಗಲೆಲ್ಲ ಯಾವ ಊರು ಎಂದು ಕೇಳುವ ಮುಂಚೆ ನನ್ನ ಕೈ ಆ ಡ್ರಾಯರಿಗೆ ಹೋಗುತ್ತಿತ್ತು. ಒಂದು ವರ್ಷ ಸಂಕ್ರಾಂತಿ ಕಳೆದು ತಿಂಗಳಾದರೂ ಅವನು ಬರಲಿಲ್ಲ. ಲಕೋಟೆ ಮುಟ್ಟಲು ಹೆದರಿ ಅದರ ಮೇಲೆ ಬೇರೆ ಲಕೋಟೆಗಳನ್ನು ಹೇರಿದೆ. ಕೊನೆಗೊಂದು ಮಧ್ಯಾಹ್ನ ಕಾಲಿಗೆ ಬಟ್ಟೆ ಸುತ್ತಿಕೊಂಡು ಬಂದ. ಆನೆ ಕಂಡು ಅವಸರದಲ್ಲಿ ಇಳಿಯುವಾಗ ಅಟ್ಟಣೆಯ ಏಣಿಯಿಂದ ಬಿದ್ದಿದ್ದನಂತೆ. ಹೀಗೆ ಹನ್ನೊಂದು ಪಟ ಆದವು. ಕೊನೆಗೆ ವಯಸ್ಸಾಗಿ, ಜ್ವರ ಬಂದು, ಮಕ್ಕಳ ನಡುವೆ ಚಾಪೆಯ ಮೇಲೆ ಸತ್ತ. ಯಾವ ಪಟ ಗೋಡೆಗೆ ಹಾಕುವುದೆಂದು ಮಕ್ಕಳು ಹನ್ನೊಂದನ್ನೂ ತಂದು ನನ್ನ ಮುಂದೆ ಹರಡಿದ್ದರು.

ಈಗ ಗೌರಮ್ಮನ ವಿಷಯ. ಇದನ್ನು ಹೇಳದೆ ಉಳಿದದ್ದನ್ನು ಹೇಳಿ ಪ್ರಯೋಜನವಿಲ್ಲ.

ಗುಮ್ಮಳಾಪುರದ ಹತ್ತಿರದ ಹಳ್ಳಿಯಿಂದ ಮುನಿಯಪ್ಪ ಎನ್ನುವವರು ಮಗಳು ಗೌರಮ್ಮನನ್ನು ಕರೆತಂದಿದ್ದರು. ಗಂಡಿನ ಕಡೆಯವರಿಗೆ ಕಳಿಸಲು ಒಂದು ಫೋಟೋ ಬೇಕಿತ್ತು. ಆಗ ಅದು ಹೊಸ ರೂಢಿ. ಮೊದಲು ಜನ ಹೋಗಿ ನೋಡುತ್ತಿದ್ದರು, ಈಗ ಪಟ ಮೊದಲು ಹೋಗಿ, ಅದು ಒಪ್ಪಿಗೆಯಾದರೆ ಜನ ಬರುತ್ತಿದ್ದರು. ಗೌರಮ್ಮನಿಗೆ ಇಪ್ಪತ್ತರ ಹತ್ತಿರ ವಯಸ್ಸು. ಚಿಕ್ಕವಳಿದ್ದಾಗ ಒಲೆಯ ಮೇಲಿನ ಬಿಸಿ ಗಂಜಿ ಬಿದ್ದು ಎಡಗೆನ್ನೆ ಕಣ್ಣಿನ ಕೆಳಗಿಂದ ದವಡೆಯವರೆಗೆ ಸುಟ್ಟಿತ್ತು. ಕಲೆ ನಡುವೆ ಕಪ್ಪಗೆ, ಅಂಚಿನಲ್ಲಿ ಬಿಳಿಚಿಕೊಂಡು ಹೊಳೆಯುತ್ತಿತ್ತು. ಅದನ್ನು ತೆಗೆಯಿರಿ ಎಂದು ಮುನಿಯಪ್ಪನವರು ಹೇಳಲಿಲ್ಲ, ಗೌರಮ್ಮನೂ ಹೇಳಲಿಲ್ಲ. ಯಾರೂ ಹೇಳಬೇಕಿರಲಿಲ್ಲ. ಮದುವೆಯ ಫೋಟೋ ಎಂದರೆ ಸಿಡುಬಿನ ಗುಳಿ, ಮೊಡವೆ, ಕಲೆ ಎಲ್ಲವನ್ನೂ ತೆಗೆಯುವುದು ನಮ್ಮಲ್ಲಿ ವಾಡಿಕೆ.

ನೆಗೆಟಿವ್ ಅಂಗೈ ಅಗಲವಿರುತ್ತಿತ್ತು. ಅದರಲ್ಲಿ ಎಲ್ಲ ತಿರುಗುಮುರುಗು. ಕಪ್ಪು ಕಲೆ ತೆಳ್ಳಗೆ, ಪಾರದರ್ಶಕವಾಗಿ ಕಾಣುತ್ತದೆ, ಆ ಜಾಗವನ್ನು ಪೆನ್ಸಿಲ್ಲಿನ ಸೂಜಿಯಂಥ ಮೊನೆಯಿಂದ ತುಂಬಿದರೆ ಪ್ರಿಂಟಿನಲ್ಲಿ ಕಲೆ ಇರುವುದಿಲ್ಲ. ಬಿಳಿ ಕಲೆ ದಟ್ಟವಾಗಿ ಕಾಣುತ್ತದೆ, ಅದನ್ನು ಬ್ಲೇಡಿನಿಂದ ಹೆರೆದು ತೆಳುವು ಮಾಡಬೇಕು. ಗೌರಮ್ಮನ ಕೆನ್ನೆಯ ಮೇಲೆ ಮೂರು ದಿನ ಕೆಲಸ ಮಾಡಿದೆ. ಅಷ್ಟು ನಯವಾದ ಕೆಲಸವನ್ನು ಅದುವರೆಗೆ ಮಾಡಿರಲಿಲ್ಲ ಎಂಬ ಹೆಮ್ಮೆ ನನಗಿತ್ತು.

ಪಟ ಒಯ್ಯಲು ಬಂದಾಗ ಗೌರಮ್ಮ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಕೆನ್ನೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ನನ್ನನ್ನು ಕೇಳಿದಳು.

"ಅಕ್ಕಾ, ಇವಳನ್ನ ನೋಡಿ ಬಂದೋರು ನನ್ನ ನೋಡಿದ್ರೆ ಏನಂತಾರೆ?"

ನಾನು ನಕ್ಕು, ಸ್ವಲ್ಪ ಪೌಡರ್ ಹಾಕಿಕೊಂಡು ದೀಪದಿಂದ ದೂರ ಕೂತ್ಕೋ ಎಂದೆ. ಅವಳು ನಗಲಿಲ್ಲ.

ಗಂಡಿನ ಕಡೆಯವರು ಬಂದರಂತೆ. ಅವಳು ತಟ್ಟೆ ಹಿಡಿದು ಹೊರಗೆ ಬಂದಾಗ ಅವರು ಪಟವನ್ನೂ ಅವಳನ್ನೂ ಒಂದು ಸಲ ನೋಡಿ, ನೀರನ್ನೂ ಕುಡಿಯದೆ ಎದ್ದು ಹೋದರಂತೆ. ಅದು ನನಗೆ ತಿಳಿದದ್ದು ಐದು ತಿಂಗಳ ಮೇಲೆ, ಮುನಿಯಪ್ಪನವರು ಮೊದಲು ಮಾಡಿಸಿಕೊಂಡಿದ್ದ ಪ್ರತಿಗಳು ಮುಗಿದು, ಅದೇ ಫೋಟೋದ ಇನ್ನೂ ಇಪ್ಪತ್ತು ಪ್ರತಿ ಬೇಕೆಂದು ಬಂದಾಗ. ಆ ದಿನದಿಂದ ಗೌರಮ್ಮ ಬಾಗಿಲು ದಾಟುವುದನ್ನು ಬಿಟ್ಟಿದ್ದಳು. ಸ್ವಲ್ಪ ಬದಲಾವಣೆಯಾಗಲಿ ಎಂದು ಕೃಷ್ಣಗಿರಿಯ ಆಚೆ ಮಾವಿನ ತೋಟದಲ್ಲಿ ಕೆಲಸಕ್ಕಿದ್ದ ಅತ್ತೆಯ ಮನೆಗೆ ಬಸ್ಸು ಹತ್ತಿಸಿದ್ದರು. ಅವಳು ಅಲ್ಲಿಗೆ ತಲುಪಿರಲಿಲ್ಲ. ಹದಿನೆಂಟು ದಿನವಾಗಿತ್ತು. ಪೊಲೀಸರಿಗೂ ಪಟ ಕೊಟ್ಟಿದ್ದರು. ಬಸ್ ಸ್ಟ್ಯಾಂಡ್, ಆಸ್ಪತ್ರೆ, ಛತ್ರ ಎಲ್ಲ ಕಡೆ ತೋರಿಸಿದ್ದರು, ಗೋಡೆಗಳಿಗೆ ಅಂಟಿಸಿದ್ದರು.

"ಎಲ್ರೂ ನೋಡ್ತಾರೆ ಕಣಮ್ಮ, ಇಂಥ ಹುಡ್ಗಿ ಕಂಡಿಲ್ಲ ಅಂತಾರೆ" ಎಂದರು ಅವರು.

ಅವರ ಕೈಯಲ್ಲಿದ್ದ ಪಟವನ್ನು ನೋಡಿದೆ. ಕೆನ್ನೆಯ ಕಲೆ ಇದರಲ್ಲಿಲ್ಲ ಎಂದು ಯಾರಿಗಾದರೂ ಹೇಳಿದಿರಾ ಎಂದು ಕೇಳಿದೆ. ಅವರಿಗೆ ಮೊದಲು ನನ್ನ ಮಾತು ತಿಳಿಯಲಿಲ್ಲ. ಪಟವನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಎಡಗೆನ್ನೆಯ ಮೇಲೆ ಬೆರಳಾಡಿಸಿದರು.

"ನಂಗೆ ಕಾಣ್ತಿತ್ತಲ್ಲಮ್ಮ" ಎಂದರು.

ಹದಿನೆಂಟು ದಿನ ಆ ಅಪ್ಪ ಪಟ ನೋಡಿದಾಗಲೆಲ್ಲ ಅದರಲ್ಲಿ ಕಲೆಯೊಂದಿಗೇ ತಮ್ಮ ಮಗಳನ್ನು ಕಂಡಿದ್ದರು. ಬೇರೆ ಯಾರಿಗೂ ಅದು ಕಂಡಿರಲಿಲ್ಲ. ಊರೂರಿಗೆ ಅವರು ಹುಡುಕಿಸಿದ್ದು ನಾನು ಮಾಡಿದ್ದ, ಈ ಲೋಕದಲ್ಲೇ ಇಲ್ಲದ ಹುಡುಗಿಯೊಬ್ಬಳನ್ನು.

ಯಜಮಾನರು ನನ್ನ ಮೇಲೆ ರೇಗಲಿಲ್ಲ, ಅದಕ್ಕೇ ಇನ್ನೂ ಭಯವಾಯಿತು. ನೆಗೆಟಿವ್ ತೆಗೆ, ಟರ್ಪಂಟೈನಿನಲ್ಲಿ ಒರೆಸು ಎಂದಷ್ಟೇ ಹೇಳಿದರು. ಪೆನ್ಸಿಲ್ ಮಾಡಿದ್ದನ್ನು ಟರ್ಪಂಟೈನ್ ಅಳಿಸುತ್ತದೆ. ಬ್ಲೇಡು ಹೆರೆದದ್ದು ಹೆರೆದ ಹಾಗೇ. ಎಲ್ಲಿ ಪೆನ್ಸಿಲ್ ಹಿಡಿದಿದ್ದೆ, ಎಲ್ಲಿ ಬ್ಲೇಡು ಹಿಡಿದಿದ್ದೆ ಎಂಬುದೇ ನನಗೆ ನೆನಪಿಗೆ ಬರುತ್ತಿರಲಿಲ್ಲ. ಹತ್ತಿಯನ್ನು ಅದ್ದಿ ಆ ಕೆನ್ನೆಯ ಮೇಲೆ ಸುತ್ತಿ ಸುತ್ತಿ ಒರೆಸಿದೆ. ಪ್ರಿಂಟ್ ಹಾಕಿ, ಕೆಂಪು ದೀಪದ ಕೆಳಗೆ ಟ್ರೇಯ ನೀರಿನಲ್ಲಿ ಮುಖ ಮೂಡುವುದನ್ನೇ ಕಾಯುತ್ತ ನಿಂತೆ. ಕಣ್ಣು ಬಂತು, ಮೂಗು ಬಂತು. ನಿಧಾನಕ್ಕೆ ಕಣ್ಣಿನ ಕೆಳಗೆ ಕಪ್ಪು ಹರಡಿಕೊಂಡಿತು. ಅಂಚಿನ ಬಿಳುಪು ಬರಲಿಲ್ಲ, ದವಡೆಯ ಹತ್ತಿರದ ಅರ್ಧವೂ ಬರಲಿಲ್ಲ. ಅದು ಬ್ಲೇಡಿಗೆ ಹೋಗಿತ್ತು.

ಆ ಅರ್ಧವನ್ನು ಪ್ರಿಂಟಿನ ಮೇಲೆ ಕೈಯಲ್ಲೇ ಬರೆದೆ. ಮುನಿಯಪ್ಪನವರು ನನ್ನ ಭುಜದ ಪಕ್ಕ ನಿಂತು, ಇನ್ನೊಸಿ ಕೆಳಕ್ಕೆ, ಇಲ್ಲಿ ಬಾಗಬೇಕು, ಇಲ್ಲಿ ಅಗಲ ಎಂದು ಹೇಳುತ್ತ ಹೋದರು. ಕಲೆ ಅಳಿಸುವಾಗ ಇಲ್ಲದ ಭಯ ಅದನ್ನು ಬರೆಯುವಾಗ ಇತ್ತು. ಕೂದಲೆಳೆಯಷ್ಟು ತಪ್ಪಿದರೂ ಮತ್ತೊಬ್ಬ ಇಲ್ಲದ ಹುಡುಗಿ ಹುಟ್ಟಿಬಿಡುತ್ತಾಳೆ ಎನಿಸುತ್ತಿತ್ತು.

ಮರುದಿನ ಬೆಳಗಿನ ಬಸ್ಸಿಗೆ ನಾನೂ ಅವರ ಜೊತೆ ಹೊರಟೆ. ಯಜಮಾನರು ಹೇಳಲಿಲ್ಲ, ನಾನೇ ಹೋಗುತ್ತೇನೆ ಎಂದೆ. ಮುನಿಯಪ್ಪನವರಿಗೆ ಕನ್ನಡ, ತೆಲುಗು ಚೆನ್ನಾಗಿ ಬರುತ್ತಿತ್ತು, ಆಸ್ಪತ್ರೆಯ ತಮಿಳು ಬರುತ್ತಿರಲಿಲ್ಲ. ಮೊದಲ ಆಸ್ಪತ್ರೆಯಲ್ಲಿ ಇಲ್ಲ ಎಂದರು. ಎರಡನೆಯದರಲ್ಲಿ ಗುಮಾಸ್ತರು ಪಟ ನೋಡಿ, ಯಾರೂ ವಾರಸುದಾರರು ಬಾರದ ಒಂದು ಹೆಣ ಇದೆ, ಇದೇ ವಯಸ್ಸು, ನೋಡಿಬಿಡಿ ಎಂದರು. ಮುನಿಯಪ್ಪನವರು ಹೆಣವಿದ್ದ ಕಟ್ಟಡದ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ನೀವೇ ನೋಡಿ ಬನ್ನಿ ತಾಯಿ. ನನ್ ಕೈಲಾಗಲ್ಲ."

ಒಳಗೆ ಹೋದೆ. ಹೊರಗೆ ಹತ್ತು ಗಂಟೆಯ ಚೆನ್ನಾದ ಬಿಸಿಲು, ಒಳಗೆ ಫಿನಾಯಿಲ್ ವಾಸನೆ. ಕೆಲಸದವನು ಬಟ್ಟೆ ಸರಿಸುವ ಮುಂಚೆ, ಯಾವ ಕೆನ್ನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ: ಎಡಗೆನ್ನೆ, ಎಡಗೆನ್ನೆ. ನೆಗೆಟಿವ್ ನೋಡಿ ನೋಡಿ ನನಗೆ ಎಡಬಲವೇ ಅದಲುಬದಲಾದಂತಿತ್ತು. ಅವನು ಬಟ್ಟೆ ಸರಿಸಿದ. ಎರಡು ಕೆನ್ನೆಯೂ ನುಣ್ಣಗಿದ್ದವು. ನನ್ನ ಎದೆಯೊಳಗೆ ಸಂತೋಷ ಎದ್ದಿತು. ಆ ಸಂತೋಷ ಕಂಡು ನಾನೇ ಹೆದರಿದೆ. ಅವಳೂ ಯಾರದೋ ಮಗಳು. ಅವಳ ಪಟ ಹಿಡಿದುಕೊಂಡು ಯಾರು ಎಲ್ಲಿ ತಿರುಗುತ್ತಿದ್ದರೋ ನನಗೆ ಗೊತ್ತಿಲ್ಲ. ಆ ಮುಖ ಮಾತ್ರ ಇವತ್ತಿಗೂ ಹಾಗೇ ನೆನಪಿದೆ. ಹೊರಗೆ ಬಂದು ಅವಳಲ್ಲ ಎಂದು ತಲೆ ಅಲ್ಲಾಡಿಸಿದಾಗ ಮುನಿಯಪ್ಪನವರು ಎರಡು ಕೈಯಿಂದ ಮುಖ ಮುಚ್ಚಿಕೊಂಡರು.

ಮಧ್ಯಾಹ್ನ ಇನ್ನೂ ದೂರದ ಒಂದು ಆಸ್ಪತ್ರೆಗೆ ಹೋದೆವು. ಹೆಂಗಸರ ವಾರ್ಡಿನ ಹೊರಗಿನ ಗೋಡೆಯ ಮೇಲೆ ನಾನು ತಿದ್ದಿದ್ದ ಹಳೆಯ ಪಟ ಅಂಟಿಸಿತ್ತು. ಅದನ್ನು ಅಂಟಿಸಿದ ದಿನ ಮುನಿಯಪ್ಪನವರನ್ನು ವಾರ್ಡಿನೊಳಕ್ಕೆ ಬಿಟ್ಟಿರಲಿಲ್ಲವಂತೆ. ಹೊಸ ಪಟವನ್ನು ನರ್ಸಮ್ಮನಿಗೆ ಕೊಟ್ಟೆ. ಆಕೆ ಅದನ್ನು ಕೈಗೆ ತೆಗೆದುಕೊಂಡ ಕೂಡಲೇ ಕೆನ್ನೆಯ ಮೇಲೆ ಬೆರಳಿಟ್ಟು, ಇದು ಆರನೇ ಬೆಡ್ಡಿನ ಹುಡುಗಿಯಲ್ಲವಾ ಎಂದು ತಮಿಳಿನಲ್ಲಿ ಅಂದು, ತಿರುಗಿ ನಡೆದೇಬಿಟ್ಟಳು. ನಾವು ಹಿಂದೆ ಓಡಿದೆವು. ಗೋಡೆಯ ಪಟಕ್ಕೂ ಆ ಮಂಚಕ್ಕೂ ಹತ್ತು ಹೆಜ್ಜೆ. ಅಷ್ಟು ದಿನ ನರ್ಸುಗಳು, ಆಯಾಗಳು ಆ ಪಟದ ಮುಂದೆ ಓಡಾಡಿ ಬಂದು ಆ ಹುಡುಗಿಗೆ ಗಂಜಿ ಕುಡಿಸಿದ್ದರು.

ಗೌರಮ್ಮ ತಲೆಗೆ ಪಟ್ಟಿ ಕಟ್ಟಿಸಿಕೊಂಡು, ಒಂದು ಕಾಲಿಗೆ ದಬ್ಬೆ ಬಿಗಿಸಿಕೊಂಡು ಮಲಗಿದ್ದಳು. ತಪ್ಪು ನಿಲ್ದಾಣದಲ್ಲಿ ಇಳಿದು ಹೆದ್ದಾರಿ ದಾಟುವಾಗ ಲಾರಿ ತಗುಲಿತ್ತು. ದಾರಿಹೋಕರು ತಂದು ಸೇರಿಸಿದ್ದರು. ಬಹಳ ದಿನ ಪ್ರಜ್ಞೆ ಇರಲಿಲ್ಲ, ಬಂದ ಮೇಲೂ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಅಪ್ಪನನ್ನು ಕಂಡು ಅವಳ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ನಾನು ಮಂಚದ ಕಾಲ ಬಳಿಯೇ ನಿಂತಿದ್ದೆ, ಮುಂದೆ ಹೋಗಲು ಧೈರ್ಯವಿರಲಿಲ್ಲ. ಅವಳು ಅಪ್ಪನ ಕೈಯಲ್ಲಿದ್ದ ಪಟವನ್ನು ನೋಡಿದಳು. ಬಹಳ ಕಷ್ಟಪಟ್ಟು ನಾಲಿಗೆ ಹೊರಳಿಸಿದಳು.

"ಇದು ನಾನು" ಎಂದಳು.

ಅವಳು ಬದುಕಿದಳು. ಸ್ವಲ್ಪ ಕುಂಟುತ್ತಾಳೆ. ಮೂರು ವರ್ಷದ ಮೇಲೆ ಸೂಳಗಿರಿಯ ಕಡೆಯವರೊಬ್ಬರು ನೇರವಾಗಿ ಮನೆಗೇ ಬಂದು ನೋಡಿ ಮದುವೆಯಾದರು. ಆ ಮದುವೆಗೆ ನನ್ನನ್ನೂ ಕರೆದಿದ್ದರು. ಹೋಗಿ, ಅಕ್ಷತೆ ಹಾಕಿ, ಊಟಕ್ಕೆ ನಿಲ್ಲದೆ ಬಂದೆ. ಯಜಮಾನರು ಅಂದಿನಿಂದ ಒಂದು ನಿಯಮ ಮಾಡಿದರು. ಟಚಿಂಗ್ ಮಾಡುವ ಮುಂಚೆ ಒಂದು ಪ್ರಿಂಟ್ ತೆಗೆದು ಲಕೋಟೆಯಲ್ಲಿಡಬೇಕು. ಹೊಸಬರು ಈ ಒಂದು ಮಾತನ್ನಾದರೂ ನೆನಪಿಡಿ. ನೀವು ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡಿ, ಮೊದಲು ತೆಗೆದದ್ದನ್ನು ಮಾತ್ರ ಅಳಿಸಬೇಡಿ.

ಆಮೇಲೆ ಕಾಲ ಬೇಗ ಬೇಗ ಬದಲಾಯಿತು. ಕಲರ್ ಬಂದ ಮೇಲೆ ಪೆನ್ಸಿಲ್ಲು, ಬ್ಲೇಡು ಡ್ರಾಯರು ಸೇರಿದವು. ಯಜಮಾನರು ತೀರಿಕೊಂಡು ಅವರ ಮಗಳು ಸ್ಟುಡಿಯೋ ನೋಡಿಕೊಂಡಳು. ನಾನು ಐವತ್ತರ ಹತ್ತಿರ ಮೌಸ್ ಹಿಡಿಯುವುದನ್ನು ಕಲಿತೆ. ಪಟದ ಉಪಯೋಗವೂ ಬೇರೆಯಾಯಿತು. ಗೋಡೆಗೆ, ಮದುವೆಗೆ ಬರುತ್ತಿದ್ದವರು ಕಡಿಮೆಯಾಗಿ, ರೇಷನ್ ಕಾರ್ಡು, ವೋಟರ್ ಕಾರ್ಡು, ಹೊಸೂರಿನ ಕಾರ್ಖಾನೆಗಳ ಗುರುತಿನ ಚೀಟಿ ಎಂದು ಬರುವವರು ಹೆಚ್ಚಾದರು. ಆ ಕಾಲದಲ್ಲೂ ಒಂದು ತಪ್ಪು ಮಾಡಿದೆ. ಇಬ್ಬರ ಚಿಕ್ಕ ಫೋಟೋಗಳನ್ನು ಕವರಿಗೆ ಹಾಕುವಾಗ ಅದಲುಬದಲು ಮಾಡಿದೆ. ಅವರಲ್ಲೊಬ್ಬ ಅವಸರದಲ್ಲಿ ನೋಡದೆ ಹಾಗೇ ಕಾರ್ಖಾನೆಗೆ ಕೊಟ್ಟುಬಿಟ್ಟಿದ್ದ. ಕೆಲಸದ ಮೊದಲ ದಿನ ಗೇಟಿನ ಕಾವಲುಗಾರ ಕಾರ್ಡನ್ನೂ ಅವನನ್ನೂ ನೋಡಿ, ಇದು ನೀನಲ್ಲ ಎಂದನಂತೆ. ಬಿಸಿಲಲ್ಲಿ ಮಧ್ಯಾಹ್ನದವರೆಗೆ ನಿಂತು ಬೆವರಿ, ನನ್ನ ಹತ್ತಿರ ಓಡಿ ಬಂದಾಗ ಅವನು ಹೇಳಿದ ಮಾತು ಮರೆತಿಲ್ಲ. "ಮೇಡಂ, ಒಂದ್ ಗಳಿಗೆ ನಂಗೇ ಅನುಮಾನ ಬಂದ್ಬುಡ್ತು, ನಾನು ನಾನೇನಾ ಅಂತ." ನಾನೇ ಬಸ್ಸು ಹತ್ತಿ ಹೋಗಿ ಕಾವಲುಗಾರನಿಗೆ ನನ್ನ ತಪ್ಪು ಹೇಳಿ ಬಂದೆ.

ಕೆಲಸ ಬಿಟ್ಟ ಮೇಲೆ ಮುಖಗಳ ಸಹವಾಸ ಮುಗಿಯಿತು ಎಂದುಕೊಂಡಿದ್ದೆ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ನಮ್ಮ ಮನೆಯಿಂದ ಎರಡು ಮನೆ ಆಚೆಯ ಲಲಿತಾ ಬಂದು, ಬಾಗಿಲು ಹಾಕಿಕೊಂಡು, ಫೋನನ್ನು ನನ್ನ ಕೈಗಿಟ್ಟು ಬೇರೆ ಕಡೆ ಮುಖ ತಿರುಗಿಸಿದಳು. ಅವಳ ಮಗಳು ರೇವತಿಗೆ ಇಪ್ಪತ್ನಾಲ್ಕು ವರ್ಷ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಕೆಲಸ, ನಿಶ್ಚಿತಾರ್ಥ ಆಗಿತ್ತು. ಫೋನಿನಲ್ಲಿದ್ದದ್ದು ಮೈಮೇಲೆ ಬಟ್ಟೆಯಿಲ್ಲದ ಹೆಂಗಸಿನ ಚಿತ್ರ. ಮುಖ ರೇವತಿಯದು. ಯಾರೋ ಅದನ್ನು ಗಂಡಿನ ಅಣ್ಣನಿಗೆ ಕಳಿಸಿದ್ದರು. ರೇವತಿ ಅದು ನಾನಲ್ಲ ಎನ್ನುತ್ತಿದ್ದಳು. ಅವಳ ಅಪ್ಪ ಶ್ರೀನಿವಾಸಯ್ಯ ಅವಳ ಫೋನು ಕಸಿದುಕೊಂಡು, ಕೆಲಸಕ್ಕೆ ಹೋಗಬೇಡ ಎಂದಿದ್ದರು.

"ನಾಲ್ಕು ದಿನ ಆಯ್ತು ಅಕ್ಕ, ಸರಿಯಾಗಿ ಊಟ ಮಾಡಿಲ್ಲ. ಅವಳು ಬಾಗ್ಲು ಹಾಕ್ಕೊಂಡ್ರೆ ನಂಗೆ ಜೀವ ಹೋದಂಗಾಗುತ್ತೆ. ಬಾಗ್ಲ ಪಕ್ಕಾನೇ ಕೂತಿರ್ತೀನಿ. ನೀವು ಮುಖಗಳ ಕೆಲಸ ಮಾಡಿದೋರು, ನೋಡಿ ಹೇಳಿ."

ಭೂತಗನ್ನಡಿ ಹಿಡಿದು ನೋಡಿದೆ. ಮೊದಲ ಹತ್ತು ನಿಮಿಷ ನನಗೆ ಒಂದು ತಪ್ಪೂ ಸಿಗಲಿಲ್ಲ. ಇದನ್ನು ಒಪ್ಪಿಕೊಳ್ಳಬೇಕು. ನನ್ನಂಥವಳ ಕೈ ಮೂರು ದಿನ ಮಾಡಿದರೂ ಆಗದ ಬೆಸುಗೆ ಅದು. ಕುತ್ತಿಗೆಯ ಬಳಿ ಗೆರೆಯಿಲ್ಲ, ಬಣ್ಣದಲ್ಲಿ ವ್ಯತ್ಯಾಸವಿಲ್ಲ. ಲಲಿತಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಇದು ಸುಳ್ಳು ಎಂದು ಬಾಯಿಮಾತಿಗೆ ಹೇಳಿಬಿಡಬಹುದಿತ್ತು, ಆದರೆ ತೋರಿಸಲಾಗದಿದ್ದರೆ ಶ್ರೀನಿವಾಸಯ್ಯ ನಂಬುವವರಲ್ಲ. ರೇವತಿಯ ಫೋಟೋಗಳು ಎಷ್ಟಿವೆಯೋ ಅಷ್ಟನ್ನೂ ತಾ ಎಂದೆ.

ಒಂದೊಂದಾಗಿ ನೋಡುತ್ತ ಹೋದೆ. ಅತ್ತೆಮಗಳ ಮಗುವಿನ ನಾಮಕರಣದಲ್ಲಿ ತೆಗೆದು, ರೇವತಿ ತನ್ನ ಸ್ಟೇಟಸ್ಸಿಗೆ ಹಾಕಿಕೊಂಡಿದ್ದ ಒಂದು ಪಟದಲ್ಲಿ ಕೈ ನಿಂತಿತು. ಹಣೆಯಿಂದ ಒಂದು ಕೂದಲೆಳೆ ಇಳಿದು ಎಡ ಹುಬ್ಬಿನ ಮೇಲೆ ಕೊಕ್ಕೆಯ ಹಾಗೆ ಬಾಗಿತ್ತು. ಆ ಕೆಟ್ಟ ಚಿತ್ರದಲ್ಲೂ ಅದೇ ಎಳೆ, ಅದೇ ಬಾಗು, ಅಷ್ಟೇ ಉದ್ದ. ಎರಡು ಬೇರೆ ದಿನ, ಬೇರೆ ಜಾಗದಲ್ಲಿ ಒಬ್ಬ ಮನುಷ್ಯನ ಕೂದಲು ಹಾಗೆ ಬೀಳುವುದಿಲ್ಲ. ಅಲ್ಲಿಂದ ಉಳಿದದ್ದು ಸುಲಭವಾಯಿತು. ನಾಮಕರಣದ ಕಿಟಕಿ ಎಡಕ್ಕಿತ್ತು, ಕೆಟ್ಟ ಚಿತ್ರದ ಕಣ್ಣುಗುಡ್ಡೆಯಲ್ಲೂ ಅದರ ಬಿಳಿ ಚುಕ್ಕೆ ಎಡಕ್ಕೇ ಇತ್ತು. ಆದರೆ ಅದೇ ಚಿತ್ರದ ಭುಜಗಳ ಮೇಲಿನ ಬೆಳಕು ಬಲದಿಂದ ಬಿದ್ದಿತ್ತು.

ಎರಡನ್ನೂ ದೊಡ್ಡದು ಮಾಡಿ, ಮುಖದ ಭಾಗ ಮಾತ್ರ ಕಾಗದಕ್ಕೆ ತೆಗೆಸಿ ಶ್ರೀನಿವಾಸಯ್ಯನವರ ಮುಂದಿಟ್ಟೆ. ಆ ಎಳೆಯನ್ನು ಕಡ್ಡಿಯಿಂದ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಎದ್ದು ಹೋಗಿ ಮಗಳ ಕೋಣೆಯ ಬಾಗಿಲ ಮುಂದೆ ನಿಂತರು.

"ರೇವತಿ, ಬಾಗ್ಲು ತೆಗಿಯಮ್ಮ. ತಪ್ಪು ನಂದು."

ಒಳಗಿನಿಂದ ಸದ್ದು ಬರಲಿಲ್ಲ. ಲಲಿತಾ ನನ್ನ ಕೈ ಹಿಡಿದಳು, ಅವಳ ಉಗುರು ನನ್ನ ಚರ್ಮಕ್ಕೆ ಇಳಿಯಿತು. ಶ್ರೀನಿವಾಸಯ್ಯ ಬಾಗಿಲ ಮೇಲೆ ಅಂಗೈಯಿಟ್ಟು ನಿಂತರು. ಎಷ್ಟು ಹೊತ್ತು ಎಂದು ಹೇಳಲಾರೆ. ಆಮೇಲೆ ಚಿಲಕ ಸರಿದ ಸದ್ದು ಕೇಳಿಸಿತು.

ಅದೇ ಕಾಗದಗಳನ್ನು ಹಿಡಿದು ನಾಲ್ವರೂ ಪೊಲೀಸ್ ಠಾಣೆಗೆ ಹೋದೆವು. ಕಳಿಸಿದವನು ತಿಂಗಳೊಳಗೆ ಸಿಕ್ಕಿದ. ರೇವತಿ ಹಿಂದೆ ಒಲ್ಲೆ ಎಂದಿದ್ದ ದೂರದ ನೆಂಟ. ಕೇಸು ಇನ್ನೂ ನಡೆಯುತ್ತಿದೆ. ಗಂಡಿನ ಕಡೆಯವರು ಬಂದು, ನಮಗೀಗ ನಂಬಿಕೆ ಬಂತು, ಮದುವೆ ದಿನ ಗೊತ್ತು ಮಾಡೋಣ ಎಂದರು. ರೇವತಿ ಅವರಿಗೆ ಕಾಫಿ ಕೊಟ್ಟು, ನಂಬೋಕೆ ನಿಮಗೆ ಒಂದು ತಿಂಗಳು ಬೇಕಾಯ್ತು, ನನಗೆ ಇನ್ನೂ ಜಾಸ್ತಿ ಬೇಕಾಗುತ್ತೆ ಎಂದು ಹೇಳಿ ಕಳಿಸಿದಳು. ಲಲಿತಾ ಸ್ವಲ್ಪ ದಿನ ಅತ್ತಳು. ಶ್ರೀನಿವಾಸಯ್ಯ ಮಗಳನ್ನು ತಡೆಯಲಿಲ್ಲ.

ಮುಂದಿನ ವರ್ಷ ಅವಳಿಗೆ ಬೇರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಗುರುತಿನ ಚೀಟಿಗೆ ಫೋಟೋ ಬೇಕಿತ್ತು. ಅಷ್ಟು ತಿಂಗಳಲ್ಲಿ ಅವಳು ಯಾರ ಕ್ಯಾಮೆರಾಕ್ಕೂ ಮುಖ ಕೊಟ್ಟಿರಲಿಲ್ಲ. ಮನೆಯ ಹಬ್ಬದಲ್ಲೂ ಯಾರಾದರೂ ಫೋನು ಎತ್ತಿದರೆ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಸ್ಟುಡಿಯೋಗೆ ಹೋಗಲಾರೆ, ಆಂಟಿ ನೀವೇ ತೆಗೀರಿ ಎಂದು ನನ್ನಲ್ಲಿಗೆ ಬಂದಳು.

ಕಿಟಕಿಯ ಪಕ್ಕ ಬಿಳಿ ಬೆಡ್‌ಶೀಟ್ ಕಟ್ಟಿ ಕುರ್ಚಿ ಹಾಕಿದೆ. ಕ್ಯಾಮೆರಾ ಎತ್ತಿದ ಕೂಡಲೇ ಅವಳ ಕಣ್ಣು ಮುಚ್ಚಿಕೊಂಡವು. ಎರಡನೇ ಸಲವೂ ಹಾಗೇ ಆಯಿತು. ಮೂರನೆಯ ಸಲ, ಆಗಲ್ಲ ಆಂಟಿ ಎಂದು ಎದ್ದುಬಿಟ್ಟಳು. ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟು, ಹೋಗಿ ಆ ಕುರ್ಚಿಯಲ್ಲಿ ನಾನು ಕೂತೆ. ನೀನು ಮೊದಲು ನನ್ನದು ತೆಗಿ ಎಂದೆ.

ಅವಳು ಅನುಮಾನಿಸುತ್ತಲೇ ಅದನ್ನು ಕಣ್ಣಿಗೆ ಏರಿಸಿದಳು. ಮೂವತ್ತೇಳು ವರ್ಷ ಲೆಕ್ಕವಿಲ್ಲದಷ್ಟು ಜನರನ್ನು ಕೂರಿಸಿದ ನಾನು ಹೀಗೆ ಒಬ್ಬಳೇ, ನೆಟ್ಟಗೆ, ಕ್ಯಾಮೆರಾ ಎದುರಿಗೆ ಕೂತದ್ದು ಕಡಿಮೆ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಆ ಗಾಜಿನ ಕಣ್ಣು ನನ್ನ ಕಡೆ ತಿರುಗಿದಾಗ ಬೆರಳುಗಳನ್ನು ಬಿಗಿಯಾಗಿ ಹೆಣೆದುಕೊಂಡೆ. ಬಾಯಿ ತಾನಾಗಿ ಬಿಗಿಯಿತು. ರೇವತಿ ಕ್ಯಾಮೆರಾ ಇಳಿಸಿ ನನ್ನನ್ನು ನೋಡಿದಳು. ನನ್ನ ಹೆದರಿಕೆ ಅವಳಿಗೆ ಕಾಣಿಸಿರಬೇಕು. ಹತ್ತಿರ ಬಂದು, ನನ್ನ ಸೆರಗು ಸರಿಮಾಡಿ, ಬಿಗಿ ಹಿಡಿದಿದ್ದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಿಲಲ್ಲಿಟ್ಟಳು. ಮತ್ತೆ ತನ್ನ ಜಾಗಕ್ಕೆ ಹೋಗಿ ನಿಂತಳು.

"ಆಂಟಿ, ಉಸಿರು ಬಿಡಿ" ಎಂದಳು. "ನಿಮ್ಮದಾದ ಮೇಲೆ ನಾನು ಕೂತ್ಕೋತೀನಿ."